ಬೆರಳು ನೋಡಿದ ಅಕ್ಕ

ಕಳೆದ ತಿಂಗಳು ಉಡುಪಿಯಿಂದ ಶಿರ್ವಕ್ಕೆ ಬರುವ ಬಸ್ಸಿನಲ್ಲಿ, ಕೈಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸೊಬ್ಬರು ನನ್ನ ಪಕ್ಕ ಬಂದು ಕೂತರು. ಅರೆದ ಸೊಪ್ಪು, ಕೋಳಿಮೊಟ್ಟೆಯ ಬಿಳಿ, ಹಳೆಯ ಬಟ್ಟೆ ಸೇರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಅವರ ಮುಖಕ್ಕಿಂತ ಮೊದಲು ಬೆರಳುಗಳನ್ನು ನೋಡಿದೆ. ಕೆಂಪಗಿದ್ದವು, ಆಡುತ್ತಿದ್ದವು. ಸಮಾಧಾನವಾಯಿತು. ಹೀಗೆ ಬೆರಳು ನೋಡುವುದನ್ನು ನಾನು ಕಲಿತದ್ದು ಕಾಪುವಿನ ನಮ್ಮ ಆಚೆಮನೆಯ ಅಕ್ಕನಿಂದ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಅವರು ಕರಾವಳಿಯ ಮುಸ್ಲಿಮರಾದ ಬ್ಯಾರಿ ಮನೆತನದವರು. ಗಂಡ ಗಲ್ಫಿನಲ್ಲಿದ್ದರು. ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ನಮ್ಮ ಜೊತೆ ತುಳುವಿನಲ್ಲೇ ಮಾತು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಒಬ್ಬಳೇ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಎಡಗಾಲಿನ ಪಾದವಿರಲಿಲ್ಲ. ಗೇರುಮರದಿಂದ ಬಿದ್ದದ್ದು ಎಂದಷ್ಟೇ ನಮಗೆ ಗೊತ್ತಿತ್ತು. ಹೆಚ್ಚು ಕೇಳಬಾರದು ಎಂದು ಅಮ್ಮ ಹೇಳಿದ್ದರು.

ನನ್ನ ತಂಗಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಬಲಗಾಲು ಸೋತುಹೋಗಿತ್ತು. ಪೋಲಿಯೊ. ಐದಾದರೂ ಕೂತಲ್ಲಿಂದ ತೆವಳಿಕೊಂಡೇ ಹೋಗುತ್ತಿದ್ದಳು. ಅಪ್ಪ ಮಲ್ಪೆಯಿಂದ ಮೀನು ತಂದು ಕಾರ್ಕಳದ ಕಡೆ ಮಾರುತ್ತಿದ್ದರು. ಅಲ್ಲಿಯೇ ಯಾರೋ ಒಬ್ಬ ಕಟ್ಟು ಕಟ್ಟುವವನ ವಿಷಯ ಹೇಳಿದರಂತೆ. ಅಪ್ಪ ಅವಳನ್ನು ಎತ್ತಿಕೊಂಡು ಹೋದರು. ಸಂಜೆ ಬಂದಾಗ ತೊಡೆಯಿಂದ ಪಾದದವರೆಗೆ ಬಿದಿರಿನ ದಬ್ಬೆ, ಸೊಪ್ಪು, ಬಿಗಿಯಾದ ಬಟ್ಟೆ.

“ಒಂದು ಮಂಡಲದಲ್ಲಿ ಓಡ್ತಾಳೆ ಅಂತ ಹೇಳಿದ್ದಾರೆ,” ಎಂದರು ಅಪ್ಪ. “ಹದಿನಾರು ದಿನ ಮುಟ್ಟಬಾರದು. ಬಿಚ್ಚಿದರೆ ಕಾಲು ಹೋಯಿತು ಅಂತಲೇ ಲೆಕ್ಕ.”

ಎರಡು ದಿನ ತಂಗಿ ಬಿಡದೆ ಅತ್ತಳು. ಮೂರನೆಯ ದಿನ ಬೆಳಿಗ್ಗೆ ಅಳು ನಿಂತಿತು. ಗುಣವಾಗುತ್ತಿದೆ ಎಂದುಕೊಂಡು ಅಮ್ಮ ಗಂಜಿಗೆ ಅಕ್ಕಿ ಹಾಕಿದರು. ಅಪ್ಪ ಆಗಲೇ ಮೀನಿಗೆ ಹೋಗಿಯಾಗಿತ್ತು.

ಎರಡು ದಿನ ಅಳು ಕೇಳಿಸಿಕೊಂಡಿದ್ದ ಅಕ್ಕ ಅದು ನಿಂತಕೂಡಲೇ ಬಂದರು. ನಮ್ಮ ಮನೆಯ ಒಳಗೆ ಅವರು ಹಾಗೆ ನೇರ ಬಂದದ್ದು ಅದೇ ಮೊದಲು. ಚಾಪೆಯ ಬಳಿ ಕೂತು ತಂಗಿಯ ಪಾದದ ತುದಿ ಹಿಡಿದರು. ಬೆರಳುಗಳು ನೀಲಿಯಾಗಿದ್ದವು. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಕಾದರು. ಮತ್ತೊಮ್ಮೆ ಒತ್ತಿದರು.

“ಬಣ್ಣ ಬರುವುದಿಲ್ಲ, ನೋಡಿ. ಇದನ್ನು ಈಗಲೇ ಬಿಚ್ಚಬೇಕು.”

“ಅವರು ಬರಲಿ ಅಕ್ಕ. ಸಂಜೆ ಬರ್ತಾರೆ,” ಎಂದರು ಅಮ್ಮ. “ಬಿಚ್ಚಿ ಏನಾದರೂ ಆದರೆ ನಾನು ಎಂತ ಹೇಳುವುದು?”

“ಮರದಿಂದ ಬಿದ್ದ ಮಗಳಿಗೂ ಹೀಗೇ ಕಟ್ಟಿಸಿ ನಾನೂ ಹಾಗೇ ಕಾದೆ,” ಎಂದರು ಅಕ್ಕ. “ಮಗಳು ಅಳು ನಿಲ್ಲಿಸಿದಳು ಅಂತ ಸಂತೋಷಪಟ್ಟೆ. ಸಂಜೆಗೆ ಪಾದ ಸತ್ತಿತ್ತು, ಕತ್ತರಿಸಿ ತೆಗೆದರು.”

ಅಮ್ಮ ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ... ಗೋಡೆಗೆ ಒರಗಿ ಸೆರಗು ಬಾಯಿಗಿಟ್ಟುಕೊಂಡು ನಿಂತದ್ದು ಮಾತ್ರ ನೆನಪಿದೆ. ಅಕ್ಕ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದರು. ಮೊಣಕಾಲು ಅಲುಗದ ಹಾಗೆ ಹಿಡಿ ಎಂದು ನನಗೆ ಹೇಳಿದರು. ನನಗಾಗ ಹನ್ನೊಂದು. ಬಟ್ಟೆ ಒಣಗಿ ಹಲಗೆಯಂತಾಗಿತ್ತು. ಕತ್ತರಿಯ ತುದಿ ಚರ್ಮಕ್ಕೆ ತಾಗೀತೆಂದು ಒಂದೊಂದೇ ಎಳೆ ಎನ್ನುವ ಹಾಗೆ ಕತ್ತರಿಸುತ್ತ ಹೋದರು. ಕೊನೆಯ ಸುತ್ತು ಬಿಚ್ಚಿದಾಗಲೂ ತಂಗಿ ಅಳಲಿಲ್ಲ.

ತಂಗಿಯನ್ನು ಎತ್ತಿಕೊಂಡು ಅಕ್ಕ, ಅಮ್ಮ, ನಾನು ಹೆದ್ದಾರಿಗೆ ಓಡಿ ಸಿಕ್ಕಿದ ಬಸ್ಸು ಹತ್ತಿದೆವು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸಿಗೆ ಕಾಯುವಷ್ಟರಲ್ಲಿ ತಂಗಿ ಒಮ್ಮೆಲೇ ಕಿರುಚಿಕೊಂಡಳು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡು, “ಅಳು ಮಗಾ, ಇನ್ನೂ ಅಳು,” ಎಂದರು.

ಆಸ್ಪತ್ರೆಯಲ್ಲಿ ಕಾಲು ಉಳಿಯಿತು. ಎರಡು ಬೆರಳಿನ ತುದಿ ಕಪ್ಪಾಗಿ ಸಿಪ್ಪೆಯೆದ್ದು ಹೋಯಿತು, ಅಷ್ಟೆ. ಅದೇ ದಿನ ಸಂಜೆ ಅಪ್ಪ ವಾರ್ಡಿಗೆ ಬಂದವರೇ ಅಕ್ಕನ ಎದುರು ನಿಂತರು.

“ಯಾರನ್ನು ಕೇಳಿ ಬಿಚ್ಚಿದಿರಿ?”

“ಯಾರನ್ನೂ ಕೇಳಲಿಲ್ಲ ಅಣ್ಣ. ಮಗುವಿನ ಬೆರಳು ನೋಡಿದೆ.”

ಅಪ್ಪ ಅವರ ಜೊತೆ ಮತ್ತೆ ಮಾತನಾಡಲಿಲ್ಲ. ಆದರೆ ಗಂಡಾಂತರ ಅಲ್ಲಿಗೆ ಮುಗಿದಿರಲಿಲ್ಲ. ಮಣಿಪಾಲದಲ್ಲಿ ವ್ಯಾಯಾಮ ಕಲಿಸುವ ಡಾಕ್ಟರಮ್ಮ, ಇವಳು ಓಡುವುದಿಲ್ಲ, ಕಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಧಾರಪಟ್ಟಿ ಹಾಕಿದರೆ ನಡೆದು ಶಾಲೆಗೆ ಹೋಗಬಹುದು ಎಂದು ನೇರವಾಗಿ ಹೇಳಿಬಿಟ್ಟಿದ್ದರು. ವಾರಕ್ಕೆರಡು ಸಲ ಬರಬೇಕು, ಮನೆಯಲ್ಲಿ ದಿನವೂ ಮಾಡಬೇಕು, ವರ್ಷಗಟ್ಟಲೆ. ಅಪ್ಪನಿಗೆ ಅದು ಕೈಚೆಲ್ಲಿದ ಮಾತಿನಂತೆ ಕೇಳಿಸಿತು. ಉಡುಪಿಯಲ್ಲಿ ಕರೆಂಟು ಕೊಟ್ಟು ಮೂರು ತಿಂಗಳಲ್ಲಿ ನಡೆಸುವವರೊಬ್ಬರು ಇದ್ದಾರೆ, ಅಲ್ಲಿಗೇ ಹೋಗುವುದು ಎಂದು ಹಟ ಹಿಡಿದರು. ಮನೆಯಲ್ಲಿ ಒಂದು ವಾರ ಯಾರಿಗೂ ಅನ್ನ ಸೇರಲಿಲ್ಲ.

ಯಾರ ಹತ್ತಿರ ಹೋಗುವುದು ಸರಿ ಎಂದು ಅಮ್ಮ ಬಾವಿಕಟ್ಟೆಯಲ್ಲಿ ಅಕ್ಕನನ್ನು ಕೇಳಿದರು. ಅಪ್ಪ ಅಲ್ಲೇ ಬುಟ್ಟಿ ತೊಳೆಯುತ್ತಿದ್ದರು. ಅವರಿಗೂ ಕೇಳಲಿ ಎಂದೇ ಇರಬೇಕು, ಅಕ್ಕ ಸ್ವಲ್ಪ ಗಟ್ಟಿಯಾಗಿ ಹೇಳಿದರು: “ಇಷ್ಟು ದಿನದಲ್ಲಿ ಸರಿ ಮಾಡ್ತೇನೆ ಅನ್ನುವವರ ಹತ್ತಿರ ನಾವು ನಾಲ್ಕು ಕಡೆ ಹೋಗಿದ್ದೇವೆ. ಅವರಲ್ಲಿ ಒಬ್ಬರೂ ನೀವು ಮನೆಯಲ್ಲಿ ಎಂತ ಮಾಡಬೇಕು ಅಂತ ಹೇಳಲಿಲ್ಲ. ಹೇಳಿಕೊಡುವವರು ಸಿಕ್ಕಿದರೆ ಬಿಡಬೇಡಿ.”

ಅಪ್ಪ ಬುಟ್ಟಿಯನ್ನು ಕವುಚಿಟ್ಟು ಒಳಗೆ ಹೋದರು. ಮುಂದಿನ ಸೋಮವಾರ ಅಂಗಿ ಹಾಕಿಕೊಂಡು ತಂಗಿಯನ್ನು ಎತ್ತಿಕೊಂಡರು. ಎಲ್ಲಿಗೆ ಎಂದು ಅಮ್ಮ ಕೇಳುವ ಧೈರ್ಯ ಮಾಡಲಿಲ್ಲ. ಬಸ್ಸು ಹತ್ತುವಾಗ ಕಂಡಕ್ಟರನಿಗೆ “ಮಣಿಪಾಲ” ಎಂದದ್ದು ಹಿಂದೆಯೇ ಹೋಗಿದ್ದ ನನಗೆ ಕೇಳಿಸಿತು.

ಒಂದೂವರೆ ವರ್ಷಕ್ಕೆ ತಂಗಿ ಕ್ಯಾಲಿಪರ್ ಹಾಕಿಕೊಂಡು ಶಾಲೆಯ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಅಕ್ಕ ಉಚ್ಚಿಲದ ತಾಯಿಮನೆಗೆ ಹೋಗಿ ನೆಲೆಸಿದ್ದರು. ಅವರು ಹೊರಟ ದಿನವೂ ಅಪ್ಪ ಎದುರಿಗೆ ಬರಲಿಲ್ಲ. ಕಾಪುವಿನಿಂದ ಉಚ್ಚಿಲ ಎಷ್ಟು ದೂರ, ಬಸ್ಸಿನಲ್ಲಿ ಕಾಲು ಗಂಟೆ... ಒಮ್ಮೆ ಹೋಗಿ ಬರಬೇಕು ಎಂದುಕೊಳ್ಳುತ್ತಲೇ ನನ್ನ ಮದುವೆಯಾಯಿತು, ತಂಗಿಗೆ ಕೆಲಸವಾಯಿತು, ಅಪ್ಪ, ಅಮ್ಮ ತೀರಿಹೋದರು.

ಬಸ್ಸಿನ ಆ ದಿನದ ನಂತರ ತಂಗಿಯನ್ನು ಕರೆದುಕೊಂಡು ಉಚ್ಚಿಲಕ್ಕೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲು ತೆರೆದವಳು ಮಗಳು, ಊರುಗೋಲು ಹಿಡಿದು. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು.

ಚಹಾ ಕೊಟ್ಟು ಅವಳು ತಂಗಿಯನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು: “ನಿಮ್ಮ ಕಟ್ಟು ಬಿಚ್ಚಿದ ದಿನ ಉಮ್ಮ ಮನೆಗೆ ಬಂದು ನನ್ನ ಕಾಲು ಹಿಡಿದುಕೊಂಡರು. ನಿನಗೆ ಮಾಡಬೇಕಾಗಿದ್ದದ್ದನ್ನು ಇವತ್ತು ಮಾಡಿದೆ, ನನ್ನನ್ನು ಕ್ಷಮಿಸು ಅಂದರು. ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.”

“ನೀವು ಎಂತ ಹೇಳಿದಿರಿ?” ಎಂದು ಕೇಳಿದಳು ತಂಗಿ.

“ನನಗೆ ಆಗ ಹದಿಮೂರು ವರ್ಷ ಅಲ್ವಾ. ಸಿಟ್ಟಿತ್ತು. ಏನೂ ಹೇಳಲಿಲ್ಲ.”

ತಂಗಿ ಎದ್ದು ಹೋಗಿ ಅವಳ ಪಕ್ಕ ಕೂತಳು. ನಮ್ಮ ಮೂವರ ಹತ್ತಿರವೂ ಅಕ್ಕನಿಗೆ ಹೇಳಬೇಕಾಗಿದ್ದ ಒಂದೊಂದು ಮಾತು ಉಳಿದಿತ್ತು.