ಭಾವನ ಹಳದಿ ಕೇಕು

ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಬಣ್ಣದಮ್ಮ ಎನ್ನುತ್ತಿದ್ದರು. ಶರಬತ್ತು, ಮಿಠಾಯಿ, ಕೇಕುಗಳಲ್ಲಿ ಬೆರೆತ ಕಾರ್ಖಾನೆಯ ಬಣ್ಣವನ್ನು ಹುಡುಕುವುದೇ ಅವಳ ಕೆಲಸ. ಬೆಂಕಿಕಡ್ಡಿಯಷ್ಟು ಸಣ್ಣ ಸೆನ್ಸರ್ ಪಟ್ಟಿಯ ತುದಿಗೆ ಕಪ್ಪು ದ್ರಾವಣದ ಹನಿಯೊಂದನ್ನು ಬಿಟ್ಟು ಒಣಗಿಸಬೇಕು. ಆ ಹನಿಯಲ್ಲಿರುವುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನ್ಯಾನೋ ಕಣಗಳು. ಆಮೇಲೆ ಪಟ್ಟಿಯನ್ನು ನೀರಲ್ಲಿ ಕರಗಿಸಿದ ತಿನಿಸಿನ ಮಾದರಿಯಲ್ಲಿ ಅದ್ದಿ ತುಸು ವಿದ್ಯುತ್ ಹಾಯಿಸಿದರೆ, ಬಣ್ಣ ಸಿಕ್ಕಿದೊಡನೆ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಹಗಲೆಲ್ಲ ಬಗ್ಗಿ ಕೂತು ಈ ಗುಡ್ಡಗಳನ್ನು ನೋಡಿ ನೋಡಿ ಅವಳಿಗೆ ಸಾಕುಸಾಕಾಗಿತ್ತು. ಕತ್ತು ಹಿಡಿದುಕೊಂಡರೆ ವಾರವಾದರೂ ಬಿಡುತ್ತಿರಲಿಲ್ಲ.

ಒಂದು ದಿನ ಹಳದಿ ಕೇಕಿನ ಮಾದರಿಯೊಂದಕ್ಕೆ ಗೆರೆ ಕಡಿದಾಗಿ ಎದ್ದಿತು. ಪಟ್ಟಿ ಬದಲಿಸಿ ನೋಡಿದಳು, ಅದೇ ಕಥೆ. ವರದಿ ಕಳಿಸಿ ಮರೆತೂ ಬಿಟ್ಟಳು. ಕೆಲವು ದಿನ ಕಳೆದು ಅಕ್ಕನ ಫೋನ್ ಬಂತು.

"ನಿನ್ನ ಭಾವನ ಬೇಕರಿಗೆ ಬೀಗ ಹಾಕಿಸ್ದೆಯಲ್ಲೇ! ಹೊಟ್ಟೆ ತಣ್ಣಗಾಯ್ತಾ?"

"ಮಾದರಿ ಮೇಲೆ ಅಂಗಡಿ ಹೆಸರಿರಲ್ಲ ಅಕ್ಕಾ. ನಂಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿದ್ದಿದ್ರೆ?"

ಅಕ್ಕ ಫೋನ್ ಇಟ್ಟುಬಿಟ್ಟಳು.

ಮುಂದಿನ ವಾರ ಭಾವನೇ ಲ್ಯಾಬಿಗೆ ಬಂದ. ಗಡ್ಡ ಬೆಳೆದಿತ್ತು, ಚೀಲದ ತುಂಬ ಬಣ್ಣದ ಪುಡಿಯ ಪೊಟ್ಟಣಗಳಿದ್ದವು.

"ಹೂವಿಂದ ತೆಗೆದಿದ್ದು ಅಂತ ಬಣ್ಣ ಮಾರೋನು ಆಣೆ ಮಾಡಿ ಕೊಟ್ಟಿದ್ದ ಕಣಮ್ಮ, ನಂಬಿ ಕೆಟ್ಟೆ. ಈಗ ಬೇರೆ ಬೇರೆ ಕಡೆಯಿಂದ ತಂದಿದೀನಿ. ಕೇಕಿಗೆ ಹಾಕೋಕೆ ಮುಂಚೇನೇ ನೋಡ್ಬಿಡು."

ಲ್ಯಾಬಿನ ಸಾಹೇಬರನ್ನು ಕೇಳಿ, ಅವರ ಎದುರಿನಲ್ಲೇ ಅವಳು ಒಂದೊಂದನ್ನೂ ಕರಗಿಸಿ ಪಟ್ಟಿ ಅದ್ದಿದಳು. ಮೊದಲನೆಯದಕ್ಕೆ ಗುಡ್ಡ. ಎರಡನೆಯದಕ್ಕೂ ಗುಡ್ಡ.

"ಇದೂನಾ?" ಭಾವ ಸ್ಟೂಲಿನ ಮೇಲೆ ಕುಸಿದು ಕೂತ.

ಕಟ್ಟಕಡೆಯ ಪೊಟ್ಟಣಕ್ಕೆ ಮಾತ್ರ ಗೆರೆ ಅಲುಗಾಡದೆ ಮಲಗಿತು. ಆದರೆ ಆ ಹಳದಿ ಜ್ವರ ಬಿಟ್ಟವರ ಮುಖದಂತೆ ಸಪ್ಪಗಿತ್ತು.

"ಈ ಬಿಳಚಿಕೊಂಡ ಕೇಕನ್ನ ಯಾರು ತಗೋತಾರಮ್ಮ?"

"ನಾನು ತಗೋತೀನಿ ಭಾವ."

"ನಿನ್ನೊಬ್ಬಳನ್ನ ನಂಬ್ಕೊಂಡು ಒಲೆ ಹಚ್ಲಾ?"

ಇಬ್ಬರೂ ನಕ್ಕರು. ಆ ನಗುವಿಗೂ ತ್ರಾಣವಿರಲಿಲ್ಲ.

ಬೇಕರಿ ಮತ್ತೆ ತೆರೆಯಿತು. ಭಾವ ಹಟ ಹಿಡಿದು ಆ ಸಪ್ಪೆ ಹಳದಿಯನ್ನೇ ಬಳಸಿದ. ಮಕ್ಕಳು ಗಾಜಿನಲ್ಲಿ ಇಣುಕಿ ನೋಡಿ ಪಕ್ಕದಂಗಡಿಗೆ ಓಡುತ್ತಿದ್ದರು. ಸಂಜೆಯಾದರೂ ಅರ್ಧಕ್ಕರ್ಧ ಕೇಕು ಉಳಿದಿರುತ್ತಿತ್ತು.

ಕೆಲಸ ಮುಗಿಸಿ ಬರುತ್ತ ಅವಳು ಅಲ್ಲಿಗೆ ಹೋಗುವುದುಂಟು. ಅಕ್ಕ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಒಂದು ತುಂಡು ಕೇಕನ್ನು ಕಾಗದದ ಮೇಲಿಟ್ಟು, ಮುಖ ನೋಡದೆ ಅವಳತ್ತ ಸರಿಸುತ್ತಾಳೆ. ಅವಳು ಕುರ್ಚಿ ಎಳೆದುಕೊಂಡು, ಚಪ್ಪಲಿ ಕಳಚಿ, ನಿಧಾನವಾಗಿ ತಿನ್ನುತ್ತಾಳೆ. ತಿಂದಾದ ಮೇಲೂ ತುಸು ಹೊತ್ತು ಹಾಗೇ ಕೂತಿರುತ್ತಾಳೆ. ಏಳು ಎಂದು ಅಕ್ಕನೂ ಹೇಳುವುದಿಲ್ಲ.