ಗೇರ್ ಕಿರುಚಿದರೆ ಕಣ್ಣಿಗೊತ್ತಿಕೊಳ್ಳಬೇಕು

ಅವರ ಕಿವಿಗಳು ಮುಖಕ್ಕಿಂತ ಒಂದು ಸುತ್ತು ದೊಡ್ಡವು. ಎಡಗಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಬೀಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀಡಿ ಮಾತ್ರ ಅಲ್ಲಿಂದ ಇಳಿದಿರಲಿಲ್ಲ. ಲಾರಿಯ ಗೇರ್ ಬದಲಿಸುವ ಹೊತ್ತಿಗೆ ಆ ಎಡಗಿವಿ ಎಂಜಿನ್ನಿನ ಕಡೆಗೆ ಒಂದು ಚೂರು ವಾಲುತ್ತಿತ್ತು. ಪಕ್ಕದಲ್ಲಿ ಕೂತ ಮಗು ಗುಟ್ಟು ಹೇಳಲು ಬಂದಾಗ ನಾವು ತಲೆ ಬಗ್ಗಿಸುತ್ತೇವಲ್ಲ, ಹಾಗೆ. ಕಿವಿ ಕೇಳಿಸಿಕೊಂಡ ಮೇಲೆಯೇ ಕೈ ಅಲುಗುತ್ತಿತ್ತು. ಆ ಕಿವಿ ಕೆಡುತ್ತಿದೆ ಎಂದು ಅವರಿಗಿಂತ ಮೊದಲು ಗೊತ್ತಾದದ್ದು ನನಗೆ. ಗೊತ್ತಾಗಿ ಏನೂ ಉಪಯೋಗವಾಗಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಹೊಳೆನರಸೀಪುರದ ಸಾಹುಕಾರರೊಬ್ಬರ ಬಳಿ ಮೂರು ಲಾರಿಗಳಿದ್ದವು. ಚನ್ನರಾಯಪಟ್ಟಣದ ತೆಂಗಿನಕಾಯಿ, ಹಾಸನದ ಆಲೂಗಡ್ಡೆ, ಅರಕಲಗೂಡಿನ ಕಡೆಗೆ ಗೊಬ್ಬರ, ಹೀಗೆ ವರ್ಷವಿಡೀ ಓಡಾಟ. ನಾನು ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯವನು, ಆಗಷ್ಟೇ ಹೆವಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಕಲಿತದ್ದು ಖಾಲಿ ಲಾರಿಯಲ್ಲಿ, ಖಾಲಿ ಮೈದಾನದಲ್ಲಿ. ಜೇಬಿನಲ್ಲಿ ಲೈಸೆನ್ಸ್ ಇದೆ, ಇನ್ನೇನು ಬೇಕು ಎಂಬ ಧಿಮಾಕು ಬೇರೆ. ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂರರಲ್ಲಿ ಯಾವ ಗಾಡಿ ಕೊಟ್ರೂ ಓಡುಸ್ಬೇಕು ಕಣಪ್ಪ. ಆಗಲ್ಲ ಅಂದ್ರೆ ಊರಿಗೋಗು" ಅಂದರು. ಆಮೇಲೆ ಶೆಡ್ಡಿನ ಕಡೆ ತಿರುಗಿ, "ಇವನನ್ನ ನೋಡ್ಕೊ" ಎಂದು ಈ ಬೀಡಿ ಕಿವಿಯವರಿಗೆ ಒಪ್ಪಿಸಿದರು. ಶೆಡ್ಡಿನಲ್ಲಿ ಎಲ್ಲರಿಗೂ ಇವರು ದೊಡ್ಡ ಡ್ರೈವರ್. ನಾನು ಮೊದಲ ದಿನದಿಂದ ಅಣ್ಣ ಎಂದೇ ಕರೆದೆ.

ಮೂರು ಲಾರಿಗಳ ಗೇರೂ ಬೇರೆ ಬೇರೆ. ಒಂದರಲ್ಲಿ ಫಸ್ಟ್ ಗೇರ್ ಇರುವ ಜಾಗದಲ್ಲಿ ಇನ್ನೊಂದರಲ್ಲಿ ರಿವರ್ಸ್ ಕೂತಿರುತ್ತಿತ್ತು. ಎರಡನೆಯದರ ಗೇರ್ ರಾಡ್ ಎಷ್ಟು ಸವೆದಿತ್ತೆಂದರೆ, ಹಿಡಿದು ಆಡಿಸಿದರೆ ಅಂಬಲಿಯಲ್ಲಿ ಸೌಟು ಆಡಿಸಿದ ಹಾಗೆ, ಯಾವ ಗೇರೂ ಎಲ್ಲೂ ಸಿಗದು. ಮೂರನೆಯದು ಎಲ್ಲಕ್ಕಿಂತ ಹಳೆಯದು. ಅದಕ್ಕೆ ಒಂದು ಸಲ ಕ್ಲಚ್ ತುಳಿದರೆ ಸಾಲದು. ತುಳಿದು ನ್ಯೂಟ್ರಲ್ಲಿಗೆ ತಂದು, ಕಾಲು ಬಿಟ್ಟು, ಎಂಜಿನ್ನಿನ ಸದ್ದು ಹದಕ್ಕೆ ಬರುವ ತನಕ ಕಾದು, ಮತ್ತೆ ತುಳಿದು ಹಾಕಬೇಕು. ಹದ ತಪ್ಪಿದರೆ ಹಲ್ಲಿಗೆ ಹಲ್ಲು ತಾಗಿ ಕರ್ರೋ ಎಂದು ಕಿರುಚುತ್ತಿತ್ತು. ಆ ಸದ್ದಿಗೆ ರಸ್ತೆಬದಿಯ ಎಮ್ಮೆಗಳು ತಿರುಗಿ ನೋಡುತ್ತಿದ್ದವು. ನನಗೆ ಲಾರಿಯಿಂದ ಇಳಿದು ಓಡಿಹೋಗಬೇಕು ಅನ್ನಿಸುತ್ತಿತ್ತು.

ಮೊದಲ ವಾರವೇ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮಾನ ಹೋಯಿತು. ಹಿಂದಿನ ದಿನ ಓಡಿಸಿದ್ದು ಒಂದು ಲಾರಿ, ಆವತ್ತು ಕೊಟ್ಟದ್ದು ಇನ್ನೊಂದು. ಮುಂದಕ್ಕೆ ಹೋಗಬೇಕಾದವನು ರಿವರ್ಸ್ ಹಾಕಿ ಆಕ್ಸಿಲರೇಟರ್ ಒತ್ತಿದೆ. ಲಾರಿ ಹಿಂದೆ ಪೇರಿಸಿದ್ದ ಮೂಟೆಗಳಿಗೆ ಗುದ್ದಿತು, ಹೊಲಿಗೆ ಬಿಚ್ಚಿಕೊಂಡು ಕಾಯಿಗಳೆಲ್ಲ ಮಂಡಿ ತುಂಬ ಉರುಳಾಡಿದವು. ಹಮಾಲರು ಹೋ ಎಂದರು. ಅಣ್ಣ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬಗ್ಗಿ ಕಾಯಿ ಆಯುತ್ತಲೇ, "ಅತ್ತೆ ಮನೆಗೋದ್ರೆ ಸೀದಾ ಅಡಿಗೆ ಮನೆಗೆ ನುಗ್ತೀಯೇನ್ಲಾ? ಬಾಗ್ಲಲ್ಲಿ ನಿಂತ್ಕೊಂಡು ಎಲ್ಲಿ ಏನೈತೆ ಅಂತ ನೋಡಲ್ವಾ? ಒಂದೊಂದು ಗಾಡೀನೂ ಒಂದೊಂದು ಮನೆ ಕಣ್ಲಾ" ಅಂದರು. ಅವತ್ತಿನಿಂದ ಎಂಜಿನ್ ಶುರು ಮಾಡುವ ಮೊದಲು ಗೇರ್ ರಾಡನ್ನು ಆ ಮನೆಯ ಎಲ್ಲ ಕೋಣೆಗೂ ಒಂದು ಸಲ ಕರೆದುಕೊಂಡು ಹೋಗಿ ಬರುವುದು ನನಗೆ ಅಭ್ಯಾಸವಾಯಿತು.

ಅವರು ಕಲಿಸಿದ ಇನ್ನೊಂದು ಅಭ್ಯಾಸವನ್ನು ಬೇರೆ ಯಾವ ಡ್ರೈವರಿನಲ್ಲೂ ನಾನು ಕಂಡಿಲ್ಲ. ಅರಕಲಗೂಡಿಗೆ ಗೊಬ್ಬರ ಹೊತ್ತುಕೊಂಡು ಹೋಗುತ್ತಿದ್ದೆವು, ಹಳೆಯ ಲಾರಿ. ನಾನು ಥರ್ಡಿಗೆ ಹಾಕುವಾಗ ಅದು ಕಿರುಚಿತು. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಣ್ಣ ಕಣ್ಣು ಬಿಡದೆಯೇ ಕೇಳಿದರು:

"ಯಾರಿಗಾದ್ರೂ ಗೊತ್ತಿಲ್ದೆ ಕಾಲು ತಗುಲ್ತು ಅಂದ್ರೆ ಏನ್ ಮಾಡ್ತೀಯ?"

"ಮುಟ್ಟಿ ಕಣ್ಗೊತ್ಕೋತೀನಣ್ಣ."

"ಮತ್ತೆ ಸುಮ್ಕೆ ಕುಂತಿದ್ದೀಯಲ್ಲ? ಒತ್ಕೊ."

ನಮ್ಮಿಬ್ಬರ ನಡುವೆ, ಕ್ಯಾಬಿನ್ನಿನ ಒಳಗೇ ಇದ್ದ ಎಂಜಿನ್ನಿನ ಬಾನೆಟ್ ಕಾದ ಹೆಂಚಿನಂತೆ ಬಿಸಿಯಾಗಿತ್ತು. ಎಡಗೈಯಲ್ಲಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಇದು ನೇಮವೇ ಆಯಿತು. ಗೇರ್ ಕಿರುಚಿದರೆ ಮುಟ್ಟಬೇಕು, ಕಣ್ಣಿಗೊತ್ತಿಕೊಳ್ಳಬೇಕು. ಆ ದಿನಗಳಲ್ಲಿ ದಾರಿಯುದ್ದಕ್ಕೂ ನನ್ನದು ಅದೇ ಕೆಲಸ. ಸಂಜೆಗೆ ಶೆಡ್ಡಿಗೆ ಬರುವಾಗ ಕಣ್ಣಿನ ಸುತ್ತ ಮಸಿ ಬಳಿದಿರುತ್ತಿತ್ತು. ಅರಕಲಗೂಡು ಪೇಟೆಯಲ್ಲಿ ನಾನು ಹೀಗೆ ಒತ್ತಿಕೊಳ್ಳುವುದನ್ನು ನೋಡಿದ ಹಿರಿಯರೊಬ್ಬರು ಸಾಹುಕಾರರ ಬಳಿ "ನಿಮ್ಮ ಹೊಸ ಡ್ರೈವರಿಗೆ ಬಹಳ ದೈವಭಕ್ತಿ" ಎಂದು ಹೊಗಳಿದ್ದರಂತೆ. ಅಣ್ಣ ಇದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕರು.

ತಮಾಷೆಯಲ್ಲೇ ಎಲ್ಲ ಮುಗಿಯಲಿಲ್ಲ. ಕೊರವಂಗಲದ ಕಡೆಯಿಂದ ಆಲೂಗಡ್ಡೆ ತುಂಬಿಕೊಂಡು ಹಾಸನಕ್ಕೆ ಬರುವಾಗ ಒಂದು ಏರಿನಲ್ಲಿ ಗೇರ್ ಕೈತಪ್ಪಿತು. ನ್ಯೂಟ್ರಲ್ಲಿನಲ್ಲಿ ಲಾರಿ ಓಟ ಕಳೆದುಕೊಂಡು ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಅಮುಕಿದೆ. ಸೆಕೆಂಡೂ ಇಲ್ಲ, ಫಸ್ಟೂ ಇಲ್ಲ, ಎಲ್ಲಿ ತಳ್ಳಿದರೂ ಕಿರುಚಾಟ. ಹಿಂದೆ ಜನ ತುಂಬಿದ ಬಸ್ಸು. ಕೈ ಬೆವರಿ ಗೇರ್ ರಾಡ್ ಜಾರುತ್ತಿತ್ತು. ಬಾಯಲ್ಲಿ ಅಣ್ಣಾ ಅಣ್ಣಾ ಅನ್ನುವುದೊಂದು ಬಿಟ್ಟು ಬೇರೆ ಮಾತಿಲ್ಲ. ಅವರು ಕೈ ಹಾಕಲಿಲ್ಲ. "ಒಡೆದಾಡ್ಬ್ಯಾಡ. ಬ್ರೇಕ್ ಬುಡ್ಬ್ಯಾಡ. ಮೊದ್ಲು ಕಿವಿ ಕೊಡು" ಅಂದರು. ಕೊಟ್ಟೆ. ಎದೆಬಡಿತದ ಕೆಳಗೆ ಎಂಜಿನ್ನಿನ ಸದ್ದು ಮೆಲ್ಲಗೆ ಇಳಿಯುತ್ತ ಬಂತು. "ಈಗ ಕರೀತಾ ಐತೆ ನೋಡು. ಆಕು." ಹಾಕಿದೆ. ಫಸ್ಟ್ ಗೇರ್ ಬೆಣ್ಣೆಯೊಳಗೆ ಬೆರಳಿಟ್ಟಂತೆ ಕೂತಿತು. ಲಾರಿ ಮುಂದಕ್ಕೆ ಹೊರಟಾಗ ನನಗೆ ಅಳು ಬಂತು. ಅವರು ಅದನ್ನು ನೋಡದವರಂತೆ ಕಿಟಕಿಯ ಹೊರಗೆ ನೋಡುತ್ತ ಕೂತರು.

ಹೀಗೆ ನಾನು ಡ್ರೈವರ್ ಆದೆ. ಮದುವೆಯಾಯಿತು, ಒಂದು ಲಾರಿ ನನ್ನ ಪಾಲಿಗೇ ಬಂತು. ದೂರದ ತೆಂಗಿನಕಾಯಿ ಲೋಡುಗಳಿಗೆ ಮಾತ್ರ ಅಣ್ಣನೂ ನಾನೂ ಹಳೆಯ ಲಾರಿಯಲ್ಲಿ ಒಟ್ಟಿಗೆ ಹೋಗುತ್ತಿದ್ದೆವು, ಸರದಿಯಲ್ಲಿ ಓಡಿಸುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಅಣ್ಣ ಸ್ಟಿಯರಿಂಗ್ ಹಿಡಿದಿದ್ದಾಗ ಗೇರ್ ಕಿರುಚಿತು. ನಾನು ನಂಬಲಿಲ್ಲ. ಅವರ ಕೈಯಲ್ಲಿ ಅದು ಕಿರುಚಿದ್ದನ್ನು ಅದುವರೆಗೆ ಕೇಳಿಯೇ ಇರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಅವರು ಬಾನೆಟ್ ಮುಟ್ಟಲಿಲ್ಲ. ಏನೂ ಆಗದವರಂತೆ ರಸ್ತೆ ನೋಡುತ್ತಿದ್ದರು. ವಯಸ್ಸಾಯಿತು, ಅಲಕ್ಷ್ಯ ಬಂದಿದೆ ಅಂದುಕೊಂಡೆ. ಮತ್ತೆ ಕಿರುಚಿತು, ಮತ್ತೆ ಮುಟ್ಟಲಿಲ್ಲ. ಎಡಗಿವಿ ಮಾತ್ರ ಮೊದಲಿನ ಹಾಗೆ ಎಂಜಿನ್ನಿನ ಕಡೆಗೆ ವಾಲುತ್ತಿತ್ತು. ಕಾದು ಕಾದು, ಏನೂ ಕೇಳಿಸದೆ, ಕೈ ಅಂದಾಜಿನ ಮೇಲೆ ಹೋಗುತ್ತಿತ್ತು. ಅದು ನನಗೆ ಅರ್ಥವಾದ ದಿನ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ವಾಪಸು ತಂದೆ. ಗೇರ್ ಹಾಕಲು ಕಲಿಸಿದವರಿಗೆ ನಿಮ್ಮ ಗೇರ್ ಕಿರುಚುತ್ತಿದೆ ಎಂದು ಹೇಳುವುದು ಹೇಗೆ? ಹೇಳಿದರೆ ಅವರ ಸೀಟು ಹೋಗುತ್ತದೆ. ಆ ಸೀಟು ಬಿಟ್ಟು ಅವರಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಳೆಯ ಲಾರಿಯ ಗೇರ್‌ಬಾಕ್ಸ್ ಕೆಟ್ಟು ಹಾಸನದಲ್ಲಿ ಬಿಚ್ಚಿಸಬೇಕಾಯಿತು. ಮೆಕ್ಯಾನಿಕ್ ಮುಕ್ಕಾದ ಹಲ್ಲಿನ ಚಕ್ರವೊಂದನ್ನು ಅಂಗೈಯಲ್ಲಿ ಹಿಡಿದು, "ಯಾರ್ರೀ ಇದನ್ನ ಇಂಗೆ ಅಗ್ದಿರೋದು?" ಎಂದು ಕೇಳಿದ. ಸಾಹುಕಾರರು ನನ್ನ ಕಡೆ ನೋಡಿದರು. ಸಹಜವೇ, ಇನ್ನೊಬ್ಬರನ್ನು ಅನುಮಾನಿಸುವ ಹಾಗೇ ಇರಲಿಲ್ಲ. ಅಣ್ಣನೂ ನನ್ನನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಬೈದರು.

"ಇಷ್ಟ್ ವರ್ಷ ಕಲ್ಸಿದ್ದಕ್ಕೆ ಇದೇ ಏನ್ಲಾ ನೀನು ಮಾಡಿದ್ದು? ಅದಕ್ಕೇನು ನೋವಾಗಲ್ಲ ಅಂದ್ಕಂಡಾ?"

ಬೈಗುಳ ತಿನ್ನುವುದು ಸುಲಭವಾಗಿತ್ತು. ಅವರ ಮುಖ ನೋಡುವುದೇ ಕಷ್ಟವಾಗಿತ್ತು.

ಗೇರ್‌ಬಾಕ್ಸ್ ಸರಿಮಾಡಿಸಿಕೊಂಡು ಅದೇ ಲಾರಿಯಲ್ಲಿ ಹಾಸನದಿಂದ ಹೊಳೆನರಸೀಪುರಕ್ಕೆ ವಾಪಸು ಹೊರಟೆವು. "ನೀನು ಮುಟ್ಟಬ್ಯಾಡ" ಎಂದು ಅಣ್ಣ ತಾವೇ ಕೂತರು. ಊರು ದಾಟಿ ಬಯಲಿಗೆ ಬಿದ್ದ ಮೇಲೆ ಒಂದು ಕಡೆ ಗೇರ್ ಬದಲಿಸಿದರು. ಕರ್ರೋ ಎಂದು ಕಿರುಚಿತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಕಿವಿಗೆ ಸದ್ದು ಬಿದ್ದದ್ದೇ ನನ್ನ ಕೈ ತಾನಾಗಿಯೇ ಬಾನೆಟ್ಟಿಗೆ ಹೋಯಿತು, ಅಲ್ಲಿಂದ ಕಣ್ಣಿಗೆ. ಅವರೇ ಕಲಿಸಿದ್ದು, ಅಷ್ಟು ವರ್ಷದಿಂದ ಕೈಗೆ ಅಂಟಿಕೊಂಡಿದ್ದು. ಏನು ಮಾಡಿದೆನೆಂದು ಹೊಳೆದದ್ದು ಕಣ್ಣಿಗೊತ್ತಿಕೊಂಡ ಮೇಲೆ. ಪಕ್ಕಕ್ಕೆ ನೋಡಿದರೆ ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದರು.

ಲಾರಿಯನ್ನು ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು.

"ಈಗ ಕಿರುಚ್ತಾ?"

ಇಲ್ಲ ಅನ್ನಬೇಕೆಂದಿದ್ದೆ. ತಲೆ ಹೌದು ಅಂದಿತು.

"ಯಾವಾಗ್ಲಿಂದ?"

"ಆಯುಧಪೂಜೆಯಿಂದ ಈಚ್ಗಣ್ಣ" ಅಂದೆ. ಅವರು ನನ್ನ ತುಟಿ ನೋಡುತ್ತಿದ್ದರು. ಇನ್ನೊಂದು ಸಲ ಕೂಗಿ ಹೇಳಬೇಕಾಯಿತು. ಮರದ ಕೆಳಗೆ ಕೂತಿದ್ದ ಕುರಿಕಾಯುವವನು ಜಗಳವೇನೋ ಎಂದು ಎದ್ದು ನಿಂತ.

ಅಣ್ಣ ಗೇರ್ ರಾಡಿನ ಗುಂಡಿಯ ಮೇಲೆ ಅಂಗೈ ಇಟ್ಟರು. "ಅಂಗಾದ್ರೆ ಆ ಹಲ್ಲು ಮುರ್ದಿದ್ದು ನಾನೇ" ಅಂದರು. ಆಮೇಲೆ, "ನಿಂಗೆ ಬೈದ್ಬುಟ್ನಲ್ಲೋ ಮಗ" ಅಂದರು.

"ಓಗ್ಲಿ ಬುಡಣ್ಣ."

ಅದೂ ಅವರಿಗೆ ಕೇಳಿಸಲಿಲ್ಲ. ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಮತ್ತೆ ಮುಟ್ಟಿದರು, ಮತ್ತೆ ಒತ್ತಿಕೊಂಡರು. ಅಷ್ಟು ದಿನ ಬಾಕಿ ಉಳಿದದ್ದನ್ನೆಲ್ಲ ಅಲ್ಲೇ ಮುಗಿಸುವವರ ಹಾಗೆ. ಕೊನೆಗೆ ಅವರೇ ಇಳಿದು ನನ್ನ ಕಡೆಗೆ ಬಂದು, "ನೀನು ಆಕಡಿಕ್ ಓಗು" ಅಂದರು.

ಮರುದಿನ ಸಾಹುಕಾರರಿಗೆ ತಾವೇ ಹೋಗಿ ಹೇಳಿದರು. ಹಾಸನದ ಕಿವಿ ಡಾಕ್ಟರು ನರ ಸತ್ತಿದೆ, ಎಂಜಿನ್ನಿನ ಪಕ್ಕ ಅಷ್ಟು ವರ್ಷ ಕೂತರೆ ಇನ್ನೇನಾಗುತ್ತದೆ ಅಂದರು. ಕಿವಿಗೆ ಹಾಕಿಕೊಳ್ಳುವ ಒಂದು ಮಿಷನ್ ಕೊಟ್ಟರು. ಲಾರಿಯೊಳಗೆ ಅದರಲ್ಲಿ ಭೋರೆನ್ನುವುದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲವಂತೆ. ಬೀಡಿ ಇದ್ದ ಕಿವಿಯಲ್ಲಿ ಒಂದೆರಡು ದಿನ ಅದು ಇತ್ತು, ಆಮೇಲೆ ಜೇಬಿಗೆ ಹೋಯಿತು.

ನನಗೆ ಒಂದೇ ಆಸೆ ಉಳಿದಿತ್ತು. ಸಾಹುಕಾರರು ಹೊಸ ಲಾರಿ ತರಿಸುತ್ತಿದ್ದರು. ಅದರ ಗೇರ್‌ಬಾಕ್ಸ್ ಹೊಸ ನಮೂನೆಯದು, ಎರಡೆರಡು ಸಲ ಕ್ಲಚ್ ತುಳಿಯಬೇಕಿಲ್ಲ, ಹೇಗೆ ಹಾಕಿದರೂ ಕಿರುಚುವುದಿಲ್ಲ. ಕಿವಿ ಇಲ್ಲದಿದ್ದರೂ ನಡೆಯುತ್ತದೆ! ಅದನ್ನು ನನಗೆ ಕೊಡುವ ಮಾತಿತ್ತು. ನಾನು ಸಾಹುಕಾರರ ಮುಂದೆ ನಿಂತು ಅಣ್ಣನಿಗೇ ಕೊಡಿ, ಹತ್ತಿರದ ಓಡಾಟ ಮಾಡಲಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದು ಬೇಡಿಕೊಂಡೆ. ಅವರೂ ಅಣ್ಣನನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಒಪ್ಪಿದರು.

ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿ ಅಣ್ಣ ಹೊಸ ಲಾರಿ ಹತ್ತಿದರು. ಅರಕಲಗೂಡಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಒಂದು ಸಲವೂ ಸದ್ದಿಲ್ಲ. ನಾನು ಪಕ್ಕದಲ್ಲಿ ಕೂತು ಒಳಗೊಳಗೇ ಹಿಗ್ಗುತ್ತಿದ್ದೆ. ಶೆಡ್ಡಿಗೆ ಬಂದು ಇಳಿದ ಮೇಲೆ ಅವರು ತಮ್ಮ ಎಡ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಎಂಗಣ್ಣ?" ಎಂದು ಕೂಗಿದೆ.

"ಇದು ಮಾತೇ ಆಡಲ್ವಲ್ಲೋ. ಅಳೇ ಗಾಡಿ ಕಿವಿಗೆ ಕೇಳ್ದಿದ್ರೂ ಅಂಗೈಗೆ ಏನೋ ಒಂದು ಏಳ್ತಿತ್ತು. ಇದು ತೆಪ್ಪಗೈತೆ. ಯಾವ ಗೇರಲ್ಲಿ ಓಯ್ತಾ ಇದ್ದೀನಿ ಅಂತ್ಲೇ ತಿಳೀನಿಲ್ಲ. ಇಂದ್ಗಡೆ ಬಸ್ಸು ಆರನ್ ಒಡೀತಿತ್ತಲ್ಲ, ನೀನು ಕೈ ಬೀಸಿ ಕಳಿಸ್ದೆ. ನೋಡ್ದೆ ಕಣ್ಲಾ. ನೀನು ಎಷ್ಟ್ ದಿನ ಕೈ ಬೀಸ್ತೀಯ?"

ಕೀಲಿಕೈಯನ್ನು ನನ್ನ ಜೇಬಿಗೆ ತಾವೇ ಹಾಕಿದರು. ನಾನು ಬೇಡ ಅನ್ನುವುದನ್ನೂ ಕೇಳಿಸಿಕೊಳ್ಳಲಾರದವರಿಗೆ ಏನು ಹೇಳುವುದು? ಅದಾದ ಮೇಲೆ ಅವರು ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ.

ಆಮೇಲೆಯೂ ದಿನಾ ಶೆಡ್ಡಿಗೆ ಬರುತ್ತಿದ್ದರು. ಹಳೆಯ ಟೈರೊಂದರ ಮೇಲೆ ಕೂತಿರುತ್ತಿದ್ದರು. ಲಾರಿ ಬಂದು ನಿಂತರೆ ಎದ್ದು ಬಂದು, ಕ್ಯಾಬಿನ್ ಹತ್ತಿ, ಬಾನೆಟ್ಟಿನ ಮೇಲೆ ಅಂಗೈ ಊರಿ, "ಇವತ್ತೇನಾದ್ರೂ ಕಿರುಚ್ತಾ?" ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿದರೆ ಮುಖ ಅರಳುತ್ತಿತ್ತು. ಒಂದು ಮಳೆಗಾಲದಲ್ಲಿ ಜ್ವರ ಹಿಡಿದು ಹಾಸನದ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಕಣ್ಣು ಮುಚ್ಚಿತ್ತು. ಕೂಗಿ ಮಾತಾಡಿಸೋಣವೆಂದರೆ ಅದು ಆಸ್ಪತ್ರೆ. ಅವರ ಎಡ ಅಂಗೈಯೊಳಗೆ ನನ್ನ ಮುಷ್ಟಿಯನ್ನು ಇಟ್ಟುಕೊಂಡು ಕೂತೆ. ಬೆರಳುಗಳು ಅದನ್ನು ಗೇರಿನ ಗುಂಡಿಯ ಹಾಗೆ ಒಮ್ಮೆ ಹಿಡಿದವು.

ಅವರ ದೇಹವನ್ನು ಊರಿಗೆ ತಂದದ್ದು ಹೊಸ ಲಾರಿಯಲ್ಲಿ, ಓಡಿಸಿದ್ದು ನಾನು. ಅವರ ಜಾಗದಲ್ಲಿ, ನನ್ನ ಪಕ್ಕದಲ್ಲಿ, ಅಣ್ಣನ ಹೆಂಡತಿ, ನನ್ನ ಅತ್ತಿಗೆ ಕೂತಿದ್ದರು. ಹಾಸನದಿಂದ ಹೊಳೆನರಸೀಪುರದ ತನಕ ಎಷ್ಟೋ ಸಲ ಗೇರ್ ಬದಲಿಸಿದೆ. ಆ ಹುಣಸೆ ಮರ ದಾಟುವಾಗಲಂತೂ ಬೇಕೆಂದೇ ಕೆಟ್ಟದಾಗಿ ಹಾಕಿದೆ. ಅದು ಒಂದು ಸಲವೂ ಕಿರುಚಲಿಲ್ಲ. ಕಿರುಚಿದ್ದರೆ ಕೈಯನ್ನು ಕಣ್ಣಿಗೆ ಒಯ್ಯಲು ಒಂದು ನೆಪವಾದರೂ ಸಿಗುತ್ತಿತ್ತು.