ಒಡತಿಯನ್ನೇ ಒಳಗೆ ಬಿಡದ ಕರ್ನಲ್

ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಾಗಿಲಮ್ಮ ಎಂದೇ ಕರೆಯುತ್ತಿದ್ದರು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ, ಯಾವ ಫೈಲನ್ನು ಯಾರು ಓದಬಹುದೆಂದು ತಡೆದು ಕೇಳುವ ಭಾಗ ಅವಳ ಪಾಲಿನದು. ಪಕ್ಕದ ಮೇಜಿನಲ್ಲಿ ಅವಳ ನಾದಿನಿ. ಅತ್ತಿಗೆ ಬರೆದದ್ದರಲ್ಲಿ ತೂತು ಹುಡುಕುವುದಕ್ಕೇ ಆಕೆಗೆ ಸಂಬಳ. ಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದಳು.

ಆ ವಾರ ನಾದಿನಿಗೆ ದೊಡ್ಡ ತೂತೇ ಸಿಕ್ಕಿತ್ತು. ಫೈಲು ತೆರೆಯುವಾಗ ಮಾತ್ರ ಕರ್ನಲ್ ಅನುಮತಿ ಕೇಳುತ್ತಿತ್ತು. ಆಮೇಲೆ ಅನುಮತಿ ಕಿತ್ತುಕೊಂಡರೂ ಒಳಹೊಕ್ಕವರು ಹಾಯಾಗಿ ಓದುತ್ತ ಕೂರಬಹುದಾಗಿತ್ತು. ಸಂಜೆಯೊಳಗೆ ಸರಿಪಡಿಸದಿದ್ದರೆ ಆ ಭಾಗವನ್ನು ಬೇರೆಯವರಿಗೆ ಕೊಡುವುದಾಗಿ ಮೇಲಧಿಕಾರಿ ಹೇಳಿಬಿಟ್ಟರು.

ಬಾಗಿಲಮ್ಮ ಟೊಂಕ ಕಟ್ಟಿ ಕುಳಿತಳು. ಪ್ರತಿ ಸಲ ಓದುವಾಗಲೂ ಅನುಮತಿ ಕೇಳುವಂತೆ ತಿದ್ದಿ, ಹೆಮ್ಮೆಯಿಂದ ತನ್ನ ಕಂಪ್ಯೂಟರಿನ ಮೇಲೇ ಪ್ರಯೋಗಿಸಿದಳು. ಪಾಪ, ಅವಸರದಲ್ಲಿ ‘ಬಿಡು’ ಎನ್ನಬೇಕಾದ ಕಡೆ ‘ಬಿಡಬೇಡ’ ಎಂದು ಬರೆದಿದ್ದಳು. ಕರ್ನಲ್ ಎಲ್ಲರಿಗೂ ಬಾಗಿಲು ಮುಚ್ಚಿತು, ಒಡತಿಗೂ. ತಿದ್ದುಪಡಿಯ ಒಂದೇ ಪ್ರತಿ ಒಳಗಿತ್ತು, ಅದೂ ಕಂಪ್ಯೂಟರ್ ಆರಿಸಿದರೆ ಅಳಿಸಿಹೋಗುವ ಜಾಗದಲ್ಲಿ. ಮೊದಲಿನಿಂದ ಬರೆಯುವಷ್ಟು ಹೊತ್ತು ಉಳಿದಿರಲಿಲ್ಲ.

“ಅತ್ತಿಗೆ, ಬೀಗ ಹೇಗಿದೆ?”

“ನನಗೇ ಒಳಗೆ ಹೋಗೋಕಾಗ್ತಿಲ್ಲ ಕಣೇ, ಅಷ್ಟು ಭದ್ರ!”

“ಭೇಷ್! ಕಳಿಸಿಬಿಡಿ ಮತ್ತೆ.”

“ಕಳಿಸಬೇಕಾದ್ದೇ ಒಳಗಿದೆಯಲ್ಲೇ!”

ನಾದಿನಿ ನಕ್ಕ ರಭಸಕ್ಕೆ ಕುರ್ಚಿಯಿಂದ ಜಾರಿದಳು. “ನಾನು ನುಗ್ಗಿ ತಂದುಕೊಡ್ಲಾ?”

“ನಿನ್ನ ಕೈಲಾದ್ರೆ ನನ್ನ ಬೀಗ ದಂಡ ಅಂತಾಯ್ತು.”

“ಆಗದಿದ್ರೆ?”

“ಬೀಗ ಗಟ್ಟಿ ಅಂತಾಯ್ತು. ಆದ್ರೆ ಕಳಿಸೋಕೆ ಬೀಗ ಎಲ್ಲಿದೆ?”

ಏನಾಗಲೆಂದು ಹಾರೈಸಬೇಕೋ ತಿಳಿಯದೆ ಬಾಗಿಲಮ್ಮ ಉಗುರು ಕಚ್ಚುತ್ತ ನಿಂತಳು. ನಾದಿನಿಯ ಪರದೆಯ ಮೇಲೆ ತಿದ್ದುಪಡಿ ಪೂರ್ತಿಯಾಗಿ ಮೂಡಿತು. ಬಾಗಿಲಮ್ಮ ಕುಣಿದಳು, ಆಮೇಲೆ ಮುಖ ಸಣ್ಣದಾಯಿತು.

“ಎಲ್ಲಿಂದ ನುಗ್ಗಿದೆ?”

“ನುಗ್ಗಲಿಲ್ಲ. ಬೆಳಿಗ್ಗೆ ನೀವು ಪರ್ಮಿಷನ್ ಕೊಟ್ಟಾಗಲೇ ಈ ಫೈಲನ್ನ ನನ್ನ ಮೇಜಿಂದಲೇ ನಿಮ್ಮ ಕಂಪ್ಯೂಟರಿನ ಮೆಮೊರಿಯಲ್ಲಿ ಹಾಸಿಕೊಂಡಿದ್ದೆ. ನೀವು ಬರೀತಾ ಹೋದದ್ದೆಲ್ಲ ಅಲ್ಲೂ ಕಾಣ್ತಿತ್ತು. ಅಲ್ಲಿಂದ ಓದೋರನ್ನ ನಿಮ್ಮ ಕರ್ನಲ್ ಮಾತಾಡಿಸೋದೇ ಇಲ್ಲ.”

“ಮಧ್ಯಾಹ್ನವೇ ಪರ್ಮಿಷನ್ ತೆಗೆದಿದ್ದೆನಲ್ಲೇ ಕಳ್ಳಿ! ಹಾಗಾದ್ರೆ ನಾನು ತಪ್ಪು ಬರೆದಿದ್ದನ್ನೂ ನೋಡಿದ್ಯಾ?”

“ನೋಡಿದ್ದೆ. ಏನಾಗುತ್ತೋ ಅಂತ ಕುತೂಹಲ ಇತ್ತು.”

ಬೈಯಲು ಪುರುಸೊತ್ತಿಲ್ಲದ ಬಾಗಿಲಮ್ಮ ನಾದಿನಿಯ ಪರದೆಯಲ್ಲಿದ್ದ ಪ್ರತಿಯಲ್ಲೇ ತಪ್ಪು ತಿದ್ದಿದಳು. ಅನುಮತಿ ತೆಗೆದೊಡನೆ ಮೆಮೊರಿಯಲ್ಲಿ ಹಾಸಿದ್ದೂ ಕಿತ್ತುಹೋಗುವಂತೆ ಮಾಡಿದಳು. ಪರೀಕ್ಷೆಗೆಂದು ಒಂದು ಪುಟ ಬರೆದು, ನಾದಿನಿಗೆ ಓದಲು ಬಿಟ್ಟು, ನಡುವೆಯೇ ಅನುಮತಿ ಕಿತ್ತುಕೊಂಡಳು.

“‘ನನ್ನ ನಾದಿನಿ ಬಹಳ...’ ಅಯ್ಯೋ, ಮಾಯವಾಯ್ತು!”

ತಿದ್ದುಪಡಿ ಸಂಜೆಗೆ ಮೊದಲೇ ಮೇಲಧಿಕಾರಿಗೆ ಹೋಯಿತು, ಭಾಗ ಬಾಗಿಲಮ್ಮನಲ್ಲೇ ಉಳಿಯಿತು. ಮನೆಯ ದಾರಿಯುದ್ದಕ್ಕೂ ನಾದಿನಿಯದು ಒಂದೇ ರಾಗ:

“ಬಹಳ ಏನು, ಅತ್ತಿಗೆ? ಹೇಳಿಬಿಡಿ!”